ಹದಿನೇಳನೇ ನಂಬರಿನ ಶಾಲು

ರಫು ಅಂಗಡಿ,
ಮಾರ್ಚ್ ೧೪, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಸೂಜೀ,

ಹೇಗಿದ್ದೀಯ ಮಗಳೇ? ಹಿಂದಿನ ಕಾಗದದಲ್ಲಿ ಕೆಮ್ಮು ಬಿಟ್ಟಿಲ್ಲ ಎಂದು ಬರೆದಿದ್ದೆ. ಗಿರಣಿಯ ದೂಳು ಗಂಟಲಲ್ಲಿ ಕೂತರೆ ಬೇಗ ಏಳುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗು, ನಗುವವರು ನಗಲಿ. ನಿನ್ನ ಕೋಣೆಯ ಕಿಟಕಿಗೆ ಮನೆಯೊಡತಿ ಗಾಜು ಹಾಕಿಸಿದಳೋ, ಇನ್ನೂ ರಟ್ಟನ್ನೇ ಅಂಟಿಸಿಕೊಂಡಿದ್ದೀಯೋ? ಊಟದ ಬಿಡುವಿನಲ್ಲಿ ಜೊತೆಯ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತೇನೆ ಎಂದು ಒಂದೇ ಸಾಲು ಬರೆದು ಬಿಟ್ಟಿದ್ದೆ. ಈಗ ಎಷ್ಟು ಜನ ಬರುತ್ತಾರೆ? ನಾನು ಚೆನ್ನಾಗಿದ್ದೇನೆ. ಬಲಗಣ್ಣಿಗೆ ಪೊರೆ ಬಂದಿದೆ, ಅಷ್ಟೆ. ಸೂಜಿಗೆ ದಾರ ಪೋಣಿಸಬೇಕೆಂದರೆ ಗಂಟೆಯಮ್ಮನನ್ನು ಕೂಗಬೇಕು. ಮೂವತ್ತು ವರ್ಷದಿಂದ ಶಾಲೆಯ ಗಂಟೆ ಹೊಡೆಯುತ್ತಾ ಬಂದಿರುವ ಅವಳ ಕಣ್ಣು ಇನ್ನೂ ಹದ್ದಿನ ಹಾಗಿದೆ. ದಾರ ಪೋಣಿಸಿ ಕೊಡುವ ಮೊದಲು ಪ್ರತಿ ಸಲ, "ಶಾಲಣ್ಣಾ, ಅರ್ಧ ಕೆಲಸ ನಂದೇ ಆಯ್ತು, ಬೋರ್ಡಲ್ಲಿ ನನ್ನ ಹೆಸರೂ ಬರೆಸಿ" ಎನ್ನುತ್ತಾಳೆ. ನೀನು ಚಿಕ್ಕವಳಿದ್ದಾಗ ಈ ಕೆಲಸ ನಿನ್ನದಾಗಿತ್ತು. ನೆಲಕ್ಕೆ ಬಿದ್ದ ಸೂಜಿಯನ್ನು ಬರಿಗಾಲಿನಲ್ಲಿ ತುಳಿಯದೆ ಹುಡುಕಿ ತರುತ್ತಿದ್ದವಳು ನೀನೊಬ್ಬಳೇ. ಆ ಹೆಸರು ಹಾಗೆ ಅಂಟಿಕೊಂಡಿತು.

ಈಗ ಸುದ್ದಿ. ನಿನ್ನಮ್ಮ ಹಾಸಿಗೆ ಹಿಡಿದು ಮೂರು ವಾರವಾಯಿತು. ಪಾಠ ಹೇಳುತ್ತಿದ್ದವಳು ಕರಿಹಲಗೆಗೆ ಕೈಯೂರಿ ಹಾಗೆಯೇ ಕುಸಿದಳು. ಎತ್ತಿ ಮಲಗಿಸಿದ ಮೇಲೂ ಬೆರಳುಗಳ ನಡುವೆ ಸೀಮೆಸುಣ್ಣ ಇತ್ತು. ನೋಡಿದ ಡಾಕ್ಟರಮ್ಮ ನಿನಗೆ ಗೊತ್ತಿರುವವಳೇ. ನಲವತ್ತೊಂದನೇ ನಂಬರಿನ ಕಾರ್ಡು ಹಿಡಿದು ನಮ್ಮಲ್ಲಿಗೆ ಬಂದಾಗ ಅವಳಿಗೆ ಹತ್ತೊಂಬತ್ತು, ನಿನಗೆ ಒಂಬತ್ತು. ಮಗ್ಗಿ ಬಾರದ ಅವಳನ್ನು ನೀನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಗದರಿಸುತ್ತಿದ್ದೆ. ಈಗ ಅವಳೇ ನನ್ನನ್ನು ಅದೇ ಮೆಟ್ಟಿಲ ಹತ್ತಿರ ಕರೆದು, "ಅಣ್ಣಾ, ಹೃದಯ ಪೂರ್ತಿ ಸೋತಿದೆ. ತಿಂಗಳ ಮಾತು ಬಿಡಿ, ದಿನದ ಮಾತಾಡಿ. ಕರೆಸೋರಿದ್ದರೆ ಕರೆಸಿ" ಎಂದಳು. ನಮಗೆ ಕರೆಸಬೇಕಾದವಳು ನೀನೊಬ್ಬಳೇ.

ನೀನು ಬರುವುದಿಲ್ಲ ಎಂಬುದು ನನಗೆ ಗೊತ್ತು. ಹನ್ನೆರಡು ವರ್ಷದಲ್ಲಿ ನನಗೆ ಇಪ್ಪತ್ತೇಳು ಕಾಗದ ಬರೆದಿದ್ದೀಯ, ಒಂದರಲ್ಲೂ ಅಮ್ಮ ಎಂಬ ಶಬ್ದ ಇಲ್ಲ. ಮೊದಲನೆಯದೊಂದನ್ನು ಬಿಟ್ಟು. ಆದರೂ ಕೇಳುತ್ತಿದ್ದೇನೆ, ಬಾ. ಇವತ್ತಿನವರೆಗೆ ನಿನ್ನಲ್ಲಿ ನಾನು ಏನನ್ನೂ ಕೇಳಿದವನಲ್ಲ.

ಅವಳಿಗೆ ಮೇಲಿನ ನಮ್ಮ ಕೋಣೆಗೆ ಹತ್ತಲಾಗುವುದಿಲ್ಲ. ಕೆಳಗೆ ಶಾಲೆಯ ಹೆಂಗಸರು ಮಲಗುವ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಇಪ್ಪತ್ತನಾಲ್ಕನೇ ಮಂಚದ ಮೇಲೆ ಮಲಗಿಸಿದ್ದೇವೆ. ಎಚ್ಚರವಾದಾಗ ಮೊದಲು ಕೇಳಿದ್ದು, "ಇದು ಯಾರ ಮಂಚ?" ಖಾಲಿ ಇತ್ತು ಎಂದೆ. "ಇಪ್ಪತ್ತನಾಲ್ಕು ಯಾವತ್ತು ಖಾಲಿ ಇತ್ತು ರೀ? ಸುಳ್ಳು ಹೇಳಿದರೆ ನಿಮ್ಮ ಕಿವಿ ಕೆಂಪಗಾಗತ್ತೆ" ಎಂದಳು. ಕೆಂಪಗಾಗಿತ್ತೋ ಏನೋ. ಆ ಮಂಚಕ್ಕೆ ಬರಬೇಕಾದವಳಿಗೆ ಕಾರ್ಡು ಬರೆದಿಟ್ಟಿದ್ದೆ, ಇವಳು ಬಿದ್ದದ್ದರಿಂದ ಅಂಚೆಗೆ ಹಾಕಿರಲಿಲ್ಲ. ಅವತ್ತೇ ಹಾಕಿಸಿದಳು. ಈಗ ಆ ಹುಡುಗಿ ಮೇಲೆ ನಮ್ಮ ಮಂಚದಲ್ಲಿ ಮಲಗುತ್ತಾಳೆ, ನಾನು ಅಂಗಡಿಯ ಕತ್ತರಿ ಮೇಜಿನ ಮೇಲೆ. ಬೆನ್ನಿಗೆ ಒಳ್ಳೆಯದೆಂದು ಗಂಟೆಯಮ್ಮ ಸಮಾಧಾನ ಹೇಳುತ್ತಾಳೆ.

ಆ ಹುಡುಗಿ ಬಂದ ಎರಡನೇ ದಿನ ಗಂಟೆಯಮ್ಮ ಎಲ್ಲ ಹೊಸಬರಿಗೂ ಹೇಳುವ ಕಥೆಯನ್ನು ಅವಳಿಗೂ ಹೇಳುತ್ತಿದ್ದಳು. ನಾನು ಅಂಗಡಿಗೂ ಶಾಲೆಗೂ ನಡುವಿನ ಪರದೆಯ ಈಚೆ ಕೂತು ಕೇಳುತ್ತಿದ್ದೆ. ನಿನಗೆ ಗೊತ್ತಿರುವುದೇ, ಆದರೂ ಅವಳ ಬಾಯಲ್ಲಿ ಕೇಳಿದರೆ ಬೇರೆಯವರ ಮನೆಯ ಕಥೆಯ ಹಾಗಿರುತ್ತದೆ. ಗಂಡ ಸತ್ತ ಹೆಣ್ಣನ್ನು ಹಿಂದಿನ ಕೋಣೆಗೆ ತಳ್ಳಿ, ಅವಳ ಪಾಲಿನ ಮನೆಗೂ ನೆಲಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಜನ ಅವಳಿಗೆ ಬಂದ ಕಾಗದವನ್ನು ಒಡೆಯದೆ ಬಿಡುತ್ತಾರೆಯೇ? ಅದಕ್ಕೇ ಅಕ್ಕ, ಎಂದರೆ ನಿನ್ನಮ್ಮ, ಒಂದು ಉಪಾಯ ಹೂಡಿದಳಂತೆ. ಅಕ್ಕನ ಗಂಡ ಹರಿದ ಬಟ್ಟೆಗೆ ನೂಲು ಹೆಣೆದು ರಫು ಮಾಡುವವನು. ಓದಬೇಕು, ಹೊರಗೆ ಬರಬೇಕು ಎನ್ನುವ ಹೆಂಗಸು ಒಂದು ಹರಿದ ಶಾಲನ್ನು, ತನ್ನ ಹೆಸರಿನ ಚೀಟಿ ಸಿಕ್ಕಿಸಿ, ಯಾರ ಕೈಯಲ್ಲಾದರೂ ಅಂಗಡಿಗೆ ಕಳಿಸಿದರೆ ಸಾಕು. ಅಂಗಡಿಯಿಂದ ಅಚ್ಚು ಹಾಕಿದ ಕಾರ್ಡು ಹೋಗುತ್ತದೆ: "ನಿಮ್ಮ ಶಾಲು ತಲುಪಿದೆ. ಕೆಲಸ ಸರದಿಯಂತೆ ಆಗುವುದು. ನಂಬರು ಇಷ್ಟು." ಮಂಚ ಖಾಲಿಯಾದ ದಿನ ಇನ್ನೊಂದು ಕಾರ್ಡು: "ನಿಮ್ಮ ಶಾಲು ಸಿದ್ಧವಾಗಿದೆ. ಬಂದು ಒಯ್ಯಬಹುದು." ಮನೆಯವರೇ ಅದನ್ನು ಓದಿ ಹೇಳಿ, ಹೋಗಿ ತಗೊಂಡು ಬಾ ಎಂದು ಕಳಿಸುತ್ತಾರೆ. ಅವಳು ಅಂಗಡಿಗೆ ಬಂದು ಪರದೆ ಸರಿಸಿ ಒಳಗೆ ಹೋದರೆ ಮುಗಿಯಿತು. "ನನ್ನತ್ತೆ ಖುದ್ದಾಗಿ ಬಸ್ಸು ಹತ್ತಿಸಿದರು ಕಣೇ, ಬೇಗ ಬಾ ಅಂದರು. ಮೂವತ್ತು ವರ್ಷ ಆಯ್ತು, ಇನ್ನೂ ಶಾಲಿಗೆ ಕಾಯ್ತಾ ಇರಬೇಕು" ಎಂದು ಗಂಟೆಯಮ್ಮ ನಕ್ಕಳು. ಹೊಸ ಹುಡುಗಿಯೂ ನಕ್ಕಳು. ಇಲ್ಲಿಗೆ ಬಂದಮೇಲೆ ಅದೇ ಮೊದಲ ನಗು.

ಸರದಿಯ ನಿಯಮ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಅವಳು ಹೊಸಬರಿಗೆ ಹೇಳುವುದಿಲ್ಲ. ನಿನಗೂ ಪೂರ್ತಿ ಹೇಳಿರಲಿಲ್ಲ ಎಂದು ನೆನಪು. ಶಾಲೆ ಶುರುವಾದ ಎರಡನೇ ವರ್ಷ, ಆಗ ಆರೇ ಮಂಚ. ಒಬ್ಬ ದೊಡ್ಡ ಅಧಿಕಾರಿ ತನ್ನ ತಂಗಿಗೆ ಜಾಗ ಕೇಳಿದರು. ಅವರ ಸಹಿ ಇಲ್ಲದೆ ಶಾಲೆಗೆ ಪರವಾನಗಿ ಇರಲಿಲ್ಲ. ನಿನ್ನಮ್ಮ ಒಪ್ಪಿದಳು. ಮೂರನೇ ನಂಬರಿನವಳು ನಾಲ್ಕನೆಯವಳಾದಳು. ನಲವತ್ತು ದಿನ ಕಳೆದು ಅವಳಿಗೆ ಕಾರ್ಡು ಕಳಿಸಿದರೆ, ಅದರ ಹಿಂದೆಯೇ ಅವಳ ತಮ್ಮ ಬಂದ. ಶಾಲನ್ನು ವಾಪಸು ಕೊಡಿ, ಅದನ್ನು ಹೊದಿಸಿಯೇ ಕಳಿಸುತ್ತೇವೆ ಎಂದ. ಬಾವಿಗೆ ಬಿದ್ದಿದ್ದಳು. ಅವತ್ತು ನಾನು ಆ ಶಾಲಿನ ತೂತನ್ನು ಮುಚ್ಚಿ ಕೊಡುವವರೆಗೂ ನಿನ್ನಮ್ಮ ನನ್ನ ಎದುರು ನೆಲದ ಮೇಲೆ ಕೂತಿದ್ದಳು. ಅಲ್ಲಿಂದೀಚೆಗೆ ಮಂತ್ರಿ ಹೇಳಿದರೂ ಸರದಿ ತಪ್ಪಿಲ್ಲ. ಅವಳ ಬಗ್ಗೆ ಪತ್ರಿಕೆಗಳು ಬರೆದವು, ಕಿಟಕಿಗೆ ಕಲ್ಲು ಬಿದ್ದವು, ಆಮೇಲೆ ಅದೇ ಜನ ಹಾರ ಹಿಡಿದು ಬಂದರು. ಆರುನೂರ ಮೂವತ್ತು ಹೆಂಗಸರು ಈ ಪರದೆ ದಾಟಿ ಹೋಗಿದ್ದಾರೆ. ಒಬ್ಬಳೂ ಈಗ ಹೆಬ್ಬೆಟ್ಟು ಒತ್ತುವುದಿಲ್ಲ. ಇಷ್ಟಾದರೂ ಜ್ವರ ಬಂದಾಗ ನಿನ್ನಮ್ಮ ಕನವರಿಸುತ್ತಿದ್ದದ್ದು ಮೂರನೇ ನಂಬರಿನವಳ ಹೆಸರನ್ನೇ.

ನಿನ್ನ ಶಾಲು ಬಂದದ್ದು ಹನ್ನೆರಡು ವರ್ಷದ ಹಿಂದೆ, ಇಂಥದೇ ಮಾರ್ಚಿನಲ್ಲಿ. ಅಳಿಯ ತೀರಿಹೋಗಿ ಐದು ತಿಂಗಳಾಗಿತ್ತು. ನಾವು ಬಂದಾಗಲೆಲ್ಲ ನಿನ್ನತ್ತೆ ಬಾಗಿಲಲ್ಲೇ ನಿಂತು, ಮಲಗಿದ್ದಾಳೆ, ಯಾರನ್ನೂ ನೋಡುವುದಿಲ್ಲವಂತೆ ಎಂದು ಕಳಿಸುತ್ತಿದ್ದರು. ನೀನೇ ಹಾಗೆ ಹೇಳಿದೆ ಎಂದು ನಾವು ನಂಬಿದೆವು; ದುಃಖದಲ್ಲಿ ಇರುವವಳನ್ನು ಒತ್ತಾಯ ಮಾಡಬಾರದು ಎಂದುಕೊಂಡೆವು. ಊರಿಗೆಲ್ಲ ಬೀಗ ತೆಗೆದವರಿಗೆ ಮಗಳ ಬಾಗಿಲಿನ ಬೀಗ ಕಾಣಲಿಲ್ಲ. ಆ ಶಾಲು ನಿನ್ನ ಹತ್ತನೇ ವರ್ಷಕ್ಕೆ ನಾನೇ ತಂದುಕೊಟ್ಟಿದ್ದ ನೀಲಿಯದು. ಅಂಚನ್ನು ನೀನೇ ಕತ್ತರಿಸಿ ಹರಿದಂತೆ ಮಾಡಿದ್ದೆ. ಕತ್ತರಿ ತಾಗಿದ ನೂಲು ನನ್ನ ಕಣ್ಣಿಗೆ ತಿಳಿಯುತ್ತದೆ. ಚೀಟಿಯಲ್ಲಿ ನಿನ್ನ ಹೆಸರು, ಕೆಳಗೆ "ಬೇಗ". ಚಾಕು ಸಾಣೆ ಹಿಡಿಯುವವನ ಕೈಯಲ್ಲಿ ಕಳಿಸಿದ್ದೆ. ನಾಲ್ಕನೇ ದಿನ ನಿನಗೆ ಸಿಕ್ಕಿದ್ದು ಅಚ್ಚು ಹಾಕಿದ ಕಾರ್ಡು: ಕೆಲಸ ಸರದಿಯಂತೆ ಆಗುವುದು, ನಂಬರು ಹದಿನೇಳು.

ಆ ಕಾರ್ಡುಗಳಿಗೆ ಚಿಕ್ಕಂದಿನಲ್ಲಿ ನಂಬರಿನ ಮುದ್ರೆ ಒತ್ತುತ್ತಿದ್ದವಳು ನೀನೇ. ಹದಿನೇಳು ಎಂದರೆ ಏಳೆಂಟು ತಿಂಗಳು ಎಂದು ನಿನಗೆ ಯಾರೂ ಹೇಳಬೇಕಿರಲಿಲ್ಲ. ಐದು ದಿನ ಕಳೆದು ನೀನು ಹಿತ್ತಲ ಬಾಗಿಲಿನಿಂದ ಒಬ್ಬಳೇ ಹೊರಟೆ. ಮೂರು ತಿಂಗಳು ನೀನು ಇದ್ದೀಯೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಗಿರಣಿಯಿಂದ ನನಗೆ ಮೊದಲ ಕಾಗದ ಬಂತು: "ಅಪ್ಪಾ, ಬದುಕಿದ್ದೇನೆ. ಕೆಲಸ ಸಿಕ್ಕಿದೆ. ಹದಿನೇಳನೇ ನಂಬರನ್ನು ಹೊಡೆದುಹಾಕು ಅಂತ ಅಮ್ಮನಿಗೆ ಹೇಳು. ಬೇರೆ ಯಾರಿಗಾದರೂ ಆಗಲಿ." ನಿನ್ನಮ್ಮ ನಿನಗೆ ಬರೆದ ಮೂರು ಕಾಗದ ಒಡೆಯದೆ ವಾಪಸು ಬಂದವು. ನಾಲ್ಕನೆಯದನ್ನು ಅವಳು ಬರೆಯಲಿಲ್ಲ.

ನಿನ್ನ ಕಾಗದ ಬಂದ ದಿನ ಇಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ, ಇದುವರೆಗೆ ಬರೆದಿಲ್ಲ. ನಾನು ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ, ನನ್ನಷ್ಟಕ್ಕೆ ಓದಿಕೊಳ್ಳುವವನ ಹಾಗೆ. ಪರದೆಯ ಆಚೆ ಪಾಠ ನಿಲ್ಲುತ್ತದೆ. ಅವಳು ಕಾಪಿ ಬರೆಯಿರಿ ಎಂದು ಎಲ್ಲರನ್ನೂ ಸುಮ್ಮನಾಗಿಸುತ್ತಾಳೆ. ಓದಿ ಮುಗಿಸಿದ ಮೇಲೆ ಪಾಠ ಮುಂದುವರಿಯುತ್ತದೆ. ಒಂದೆರಡು ದಿನ ಬಿಟ್ಟು ಊಟಕ್ಕೆ ಕೂತಾಗ, "ಅಲ್ಲಿ ಈ ಸಲ ಚಳಿ ಜಾಸ್ತಿ ಅಂತೆ, ಅಲ್ವಾ" ಎನ್ನುತ್ತಾಳೆ. ಯಾರು ಹೇಳಿದರು ಎಂದು ನಾನು ಕೇಳುವುದಿಲ್ಲ. ನೀನು ಗಿರಣಿಯ ಹೆಂಗಸರಿಗೆ ಅಕ್ಷರ ಕಲಿಸುವ ಸಾಲನ್ನು ಓದಿದಾಗ ಮಾತ್ರ ಪರದೆ ಅಲುಗಾಡಿತು. "ಆ ಸಾಲು ಸರಿಯಾಗಿ ಕೇಳಲಿಲ್ಲ" ಎಂದಳು. ಮತ್ತೆ ಓದಿದೆ. ಮತ್ತೂ ಕೇಳಲಿಲ್ಲವಂತೆ. ಕಿವಿ ಚುರುಕಾಗಿಯೇ ಇದೆ ಅವಳಿಗೆ.

ನಾನು ಒಮ್ಮೆ ನಿನ್ನಲ್ಲಿಗೆ ಬಂದದ್ದು ನೆನಪಿದೆಯಾ? ಐದನೇ ವರ್ಷ. ಗಿರಣಿಯ ಗೇಟಿನ ಎದುರಿನ ಕಲ್ಲು ಬೆಂಚಿನ ಮೇಲೆ ಕೂತು ನಿನ್ನ ಡಬ್ಬಿಯ ಊಟವನ್ನು ಇಬ್ಬರೂ ಹಂಚಿಕೊಂಡೆವು. ಮುಚ್ಚಳದಲ್ಲಿ ನೀನು, ಡಬ್ಬಿಯಲ್ಲಿ ನಾನು. ನಾನು ಒಂದು ಮಾತು ಹೇಳಬೇಕೆಂದೇ ಬಂದಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನು ಹೇಗೆ ಶುರುಮಾಡುವುದೆಂದು ಜೋಡಿಸಿಕೊಂಡಿದ್ದೆ. ಆಗ ನೀನು ನನ್ನ ಅಂಗಿಯ ಗುಂಡಿ ಹಾಕುತ್ತಾ, "ನೀನೊಬ್ಬ ಇದ್ದೀಯಲ್ಲಪ್ಪಾ, ಅಷ್ಟು ಸಾಕು ನನಗೆ" ಎಂದೆ. ನಾನು ಡಬ್ಬಿಯಲ್ಲಿ ಉಳಿದಿದ್ದನ್ನು ಪೂರ್ತಿ ತಿಂದು, ಸಂಜೆಯ ಗಾಡಿ ಹತ್ತಿ ವಾಪಸು ಬಂದೆ. "ಹೇಳಿದಿರಾ?" ಎಂದು ನಿನ್ನಮ್ಮ ಕೇಳಲಿಲ್ಲ. ಮುಖ ನೋಡಿ, "ಹೇಗಿದ್ದಾಳೆ? ತೆಳ್ಳಗಾಗಿದ್ದಾಳಾ?" ಎಂದಳು.

ಈ ವಾರ ಅವಳ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಬೆಳಿಗ್ಗೆ ಸ್ಪಷ್ಟವಾಗಿರುತ್ತಾಳೆ. ಕಾಯುತ್ತಿರುವ ಹತ್ತೊಂಬತ್ತು ಜನರ ಹೆಸರನ್ನು ಮೇಲಿನಿಂದ ಕೆಳಕ್ಕೆ ಹೇಳಿಸಿ ಕೇಳುತ್ತಾಳೆ, ನಡುವೆ ಒಂದು ಬಿಟ್ಟರೆ ಬೆರಳೆತ್ತುತ್ತಾಳೆ. ತನ್ನ ನಂತರ ಶಾಲೆ ನಡೆಸುವುದನ್ನು ಗಂಟೆಯಮ್ಮನಿಗೂ ಡಾಕ್ಟರಮ್ಮನಿಗೂ ಒಪ್ಪಿಸಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಆಯಾಸವಾಗಿ ಕಣ್ಣು ಮುಚ್ಚುತ್ತಾಳೆ, ಆಮೇಲಿನ ಮಾತುಗಳಿಗೆ ಹಿಂದುಮುಂದು ಇರುವುದಿಲ್ಲ. ನಿನ್ನೆ ನನ್ನ ತೋಳು ಹಿಡಿದು, "ಹದಿನೇಳಕ್ಕೆ ಕಾರ್ಡು ಹೋಯ್ತೇನ್ರೀ?" ಎಂದಳು. ಹೋಯಿತು ಎಂದೆ. "ಯಾವ ಕಾರ್ಡು? ಬಾ ಅನ್ನೋದು ತಾನೇ?" ಎಂದಳು. ಗಂಟೆಯಮ್ಮ ಅಲ್ಲೇ ಇದ್ದಳು. ಅವಳು ಎದ್ದು ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆದಳು. ಯಾಕೆ ಹೊಡೆದೆ ಎಂದರೆ ಗೊತ್ತಿಲ್ಲ ಎನ್ನುತ್ತಾಳೆ.

ಹೆಚ್ಚು ಬರೆದೆ. ಓದಿ ನಿನ್ನ ಕೆಲಸ ಕೆಡಿಸಿಕೊಳ್ಳಬೇಡ. ಗಿರಣಿಯಲ್ಲಿ ರಜೆ ಕೊಡದಿದ್ದರೆ ತಾಯಿಗೆ ಕಾಯಿಲೆ ಎಂದು ಹೇಳು. ಆ ಶಬ್ದ ಹೇಳಲು ಮನಸ್ಸಾಗದಿದ್ದರೆ ತಂದೆಗೆ ಎಂದು ಹೇಳು. ಡಾಕ್ಟರಮ್ಮ ನಿನ್ನನ್ನು ಕೇಳಿದಳು, ಹತ್ತೊಂಬತ್ತರ ಮಗ್ಗಿ ಈಗಲೂ ತಡವರಿಸುತ್ತದಂತೆ. ಗಂಟೆಯಮ್ಮ ಆಶೀರ್ವಾದ ಹೇಳಿದ್ದಾಳೆ. ನನ್ನದು ಯಾವತ್ತೂ ನಿನ್ನ ಜೊತೆಗೇ ಇದೆ, ಬೇಡವೆನಿಸಿದರೂ ಇರುತ್ತದೆ.

ನಿನ್ನ,
ಅಪ್ಪ

ಮರೆತದ್ದು: ಮರೆತದ್ದಲ್ಲ. ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ, ಅಷ್ಟರೊಳಗೆ ಬರೆಯಬೇಕು. ಸೂಜೀ, ಆ ಕಾರ್ಡು ಕಳಿಸಿದವನು ನಾನು. ನಿನ್ನ ಶಾಲು ಬಂದ ದಿನ ನಿನ್ನಮ್ಮ ಊರಲ್ಲಿರಲಿಲ್ಲ, ಮೇಲ್ಗಡೆಯ ಹಳ್ಳಿಗಳಲ್ಲಿ ಶಾಲೆ ತೆರೆಯಲು ಹೋಗಿದ್ದಳು. ಹಿಂದಿನ ದಿನವಷ್ಟೇ ಮರದ ವ್ಯಾಪಾರಿಯೊಬ್ಬರು ತಮ್ಮ ಸೊಸೆಗೆ ಮೊದಲು ಜಾಗ ಬೇಕೆಂದು ಕೂತಿದ್ದರು. ನಮ್ಮ ಮಗಳೇ ಬಂದರೂ ಸರದಿ ಸರದಿಯೇ ಎಂದು ನಾನು ಎದೆಯುಬ್ಬಿಸಿ ಹೇಳಿ ಕಳಿಸಿದ್ದೆ. ಮರುದಿನ ನಿನ್ನ ಶಾಲು. ನಿನ್ನಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದಳು ಎಂದುಕೊಂಡೆ. ಮೂರನೇ ನಂಬರಿನವಳನ್ನು ನೆನೆದೆ. ಇಷ್ಟು ವರ್ಷದಲ್ಲಿ ಅವಳ ಹಾಗೆ ಒಂದು ಕೆಲಸ ನಾನೂ ಮಾಡಿದೆ ಎಂದು ಹೆಮ್ಮೆಯೂ ಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ. ನೀನು ಬೇರೆಯವರ ಹಾಗೆ ಶಾಲು ಕಳಿಸಿದ್ದು ಬೇರೆ ದಾರಿಯೇ ಇಲ್ಲದ್ದಕ್ಕೆ ಎಂಬುದು ಹೊಳೆಯಲಿಲ್ಲ.

ಅವಳು ಹತ್ತನೇ ದಿನ ಬಂದಳು. ನಾನು ಹೇಳಿದೆ. ಚೀಲವನ್ನು ಕೆಳಗಿಡದೆ, "ಅವಳು ನಮ್ಮ ಮಗಳು ಕಣ್ರೀ, ಅವಳಿಗೆ ಮಂಚ ಯಾಕೆ? ನನ್ನ ಪಕ್ಕದಲ್ಲಿ ಮಲಗ್ತಿದ್ದಳು" ಎಂದಳು. ಹಾಗೇ ತಿರುಗಿ ನಿನ್ನತ್ತೆಯ ಮನೆಗೆ ಹೋದಳು. ನೀನು ಹಿಂದಿನ ದಿನ ಹೊರಟಿದ್ದೆ. ನಿನ್ನ ಕಾಗದ ಬಂದಾಗ ನಾನು ನಿಜ ಬರೆಯುತ್ತೇನೆಂದೆ. ಬೇಡ ಎಂದು ಆಣೆ ಹಾಕಿಸಿಕೊಂಡಳು. "ಈಗ ಅವಳಿಗೆ ಉಳಿದಿರೋದು ನೀವೊಬ್ಬರೇ. ಅದನ್ನೂ ಕಿತ್ಕೋಬೇಡಿ. ನನ್ನ ಮೇಲಿನ ಸಿಟ್ಟು ನನ್ನ ಹತ್ತಿರವೇ ಇರಲಿ" ಎಂದಳು. ಆಣೆಯನ್ನು ಇವತ್ತು ಮುರಿದಿದ್ದೇನೆ. ಅವಳಿಗೆ ಗೊತ್ತಿಲ್ಲ. ಹನ್ನೆರಡು ವರ್ಷ ನಿನ್ನ ಅಕ್ಕರೆಯನ್ನು ನಾನು ಅವಳ ಮರೆಯಲ್ಲಿ ನಿಂತು ತೆಗೆದುಕೊಂಡೆ.

ಮೂರನೇ ಚಳಿಗಾಲದಲ್ಲಿ ನೀಲಿ ಶಾಲನ್ನು ರಫು ಮಾಡಿ ಕಳಿಸಿದಾಗ, "ಅಪ್ಪಾ, ಕಣ್ಣು ಮಂಜಾಯಿತಾ? ರಫು ದೂರದಿಂದಲೇ ಕಾಣ್ತಿದೆ" ಎಂದು ತಮಾಷೆ ಮಾಡಿದ್ದೆ. ನಾನು ಉತ್ತರ ಬರೆಯಲಿಲ್ಲ. ಅದು ಅವಳ ಕೈ. ಎಷ್ಟು ಹೇಳಿಕೊಟ್ಟರೂ ಅವಳಿಗೆ ಬರಲಿಲ್ಲ, ನನಗೆ ಅದನ್ನು ಮುಟ್ಟಲೂ ಬಿಡಲಿಲ್ಲ. ಅದನ್ನು ಹೊದ್ದುಕೊಂಡೇ ಬಾ.

ಮಧ್ಯಾಹ್ನದ ಗಾಡಿ ಹಿಡಿದರೆ ಮರುದಿನ ಬೆಳಿಗ್ಗೆ ಅವಳು ಸ್ಪಷ್ಟವಾಗಿರುವ ಹೊತ್ತಿಗೆ ತಲುಪುತ್ತೀಯ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅಂಗಡಿಯ ಕಡೆಯಿಂದ ಬರಬೇಡ. ಹಿಂದಿನ ಓಣಿಯ ಬಾಗಿಲಿನ ಅಗುಳಿಯನ್ನು ಇವತ್ತಿನಿಂದ ತೆಗೆದಿಡಲು ಗಂಟೆಯಮ್ಮನಿಗೆ ಹೇಳಿದ್ದೇನೆ. ಕಿಟಕಿಯ ಪಕ್ಕದ ಮಂಚ, ಇಪ್ಪತ್ತನಾಲ್ಕು. ನಾನು ಪರದೆಯ ಈಚೆಯೇ ಇರುತ್ತೇನೆ. ನೀನಾಗಿ ಕರೆದರೆ ಮಾತ್ರ ಬರುತ್ತೇನೆ. ಅಂಚೆಯವನ ಸೈಕಲ್ ಗಂಟೆ ಕೇಳಿಸಿತು.